ಚೌಡಿ ತಿರುವಿನ ಹನ್ನೆರಡನೇ ಪಾಯಿಂಟು

ತಪ್ಪು ಮಾಡಿದ ಡ್ರೈವರುಗಳ ಲೈಸೆನ್ಸಿಗೆ ಪಾಯಿಂಟು ಹಾಕುವ ಪದ್ಧತಿ ಬರಲಿದೆಯಂತೆ ಎಂದು ಪೇಪರಿನಲ್ಲಿ ಸುದ್ದಿ ಬಂದ ದಿನ ನನ್ನ ಅತ್ತೆ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ನನ್ನ ಒಂದು ಮಾತು ಕೇಳ್ದೆ ತಗೊಂಡಿದಾರೆ" ಅಂದರು.

ಹಾಗೆ ಅಂದರು ಎಂದು ನನ್ನ ನೆನಪು. ಅತ್ತೆಯನ್ನು ಕೇಳಿದರೆ, ಕನ್ನಡಕ ತೆಗೆದದ್ದು ನಿಜ, ಮಾತು ನನ್ನದಲ್ಲ ಅನ್ನುತ್ತಾರೆ. ನಾನು ಮೈಸೂರಿನಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ ಸಂಗತಿ: ನೆನಪನ್ನು ಹೊರಗೆ ತೆಗೆದಾಗಲೆಲ್ಲ ಅದು ಸ್ವಲ್ಪ ಬದಲಾಗಿಯೇ ಒಳಗೆ ಹೋಗುತ್ತದೆ. ಇದನ್ನಾದರೂ ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಯೇ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲ.

ಆಗ ನಾನು ಕೋಣಂದೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಎರಡು ಕೆಲಸ ಬಿಟ್ಟು, ಮೂರನೆಯದಾಗಿ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಾವ ವಾಲಿಬಾಲ್ ರೆಫ್ರಿ. ಮಳೆ ನಿಂತು ಗದ್ದೆಕೊಯ್ಲು ಮುಗಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರು ತಾಲೂಕಿನಲ್ಲಿ ಎಲ್ಲಿ ಟೂರ್ನಮೆಂಟ್ ನಡೆದರೂ ಕೊರಳಲ್ಲಿ ವಿಸಲ್ ಹಾಕಿಕೊಂಡು ತಮ್ಮ ಹಳೆಯ ಬಿಳಿ ವ್ಯಾನಿನಲ್ಲಿ ಹೊರಟುಬಿಡುತ್ತಿದ್ದರು. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ನಿವೃತ್ತಿಯಾದ ತಿಂಗಳಲ್ಲೇ ವ್ಯಾನು ಓಡಿಸಲು ಕಲಿತರು. ಕಲಿಸಿದವರು ಮಾವ. ಅದೇ ಅವರು ಮಾಡಿದ ತಪ್ಪು. ಅತ್ತೆ ಕಲಿಯುವಾಗ ನಿಯಮಗಳ ಪುಸ್ತಕವನ್ನೂ ಓದಿದರು. ಓದಿ ಮುಗಿಸುವಷ್ಟರಲ್ಲಿ, ಮೂವತ್ತು ವರ್ಷದಿಂದ ತಾನು ಪಕ್ಕದಲ್ಲಿ ಕೂತು ಬಂದದ್ದು ಎಂಥ ಡ್ರೈವರ್ ಜೊತೆ ಎಂಬುದು ಅವರಿಗೆ ಗೊತ್ತಾಗಿಹೋಗಿತ್ತು.

ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಪಾಯಿಂಟು ಶುರುವಾದದ್ದು ಹೀಗೆ. ಬೆಲ್ಟ್ ಹಾಕದಿದ್ದರೆ ಎರಡು. ಫೋನ್ ಹಿಡಿದರೆ ಮೂರು. ಎದುರಿನ ಜೀಪಿನವನು ಪರಿಚಯದವನೆಂದು ನಡುರಸ್ತೆಯಲ್ಲಿ ಕಿಟಕಿಗೆ ಕಿಟಕಿ ತಾಗಿಸಿ ನಿಲ್ಲಿಸಿಕೊಂಡು ಅವನ ಮಗಳ ಮದುವೆಯ ಮಾತು ಮುಗಿಸಿಯೇ ಹೊರಟರೆ, ಹಿಂದೆ ನಿಂತ ಪ್ರತಿ ಗಾಡಿಗೆ ಒಂದರಂತೆ. ಎಲೆಯಡಿಕೆ ಉಗುಳಲು ಓಡುವ ವ್ಯಾನಿನ ಬಾಗಿಲು ತೆಗೆದು ಅರ್ಧ ಹೊರಗೆ ಬಾಗಿದರೆ ನಾಲ್ಕು. ಈ ಕೊನೆಯದನ್ನು ಮಾವ ಐವತ್ತರ ವೇಗದಲ್ಲಿ, ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಬಹಳ ನಾಜೂಕಾಗಿ ಮಾಡುತ್ತಿದ್ದರು. ಹನ್ನೆರಡು ಆದರೆ ಆರು ತಿಂಗಳು ಕೀಲಿ ಇಲ್ಲ.

ಇನ್ನು ಚೌಡಿ ತಿರುವು. ಹೊಸನಗರದ ಕಡೆಯಿಂದ ಬರುವಾಗ ಕೋಣಂದೂರು ಇನ್ನೇನು ಬಂತು ಅನ್ನುವಲ್ಲಿ ಒಂದು ಕುರುಡು ತಿರುವಿದೆ. ತಿರುವಿನಲ್ಲಿ ಮರ, ಮರದ ಬುಡದಲ್ಲಿ ದಾರಿ ಕಾಯುವ ದೇವತೆ ಚೌಡಿಯ ಕಲ್ಲು. ಅಲ್ಲಿ ಬಂದವರೆಲ್ಲ ಕೈ ಮುಗಿಯುತ್ತಾರೆ, ಡ್ರೈವರುಗಳೂ ಮುಗಿಯುತ್ತಾರೆ. ಎರಡೂ ಕೈ ಬಿಟ್ಟು, ಕಣ್ಣನ್ನೂ ಅರೆ ಮುಚ್ಚಿ, ಅದೂ ತಿರುವಿನಲ್ಲೇ. ಅತ್ತೆಗೆ ಚೌಡಿಯ ಮೇಲೆ ಭಕ್ತಿ ಕಡಿಮೆಯೇನಿರಲಿಲ್ಲ. ಆದ್ದರಿಂದ ಒಂದು ರಾಜಿ ಮಾಡಿದರು: ಅಲ್ಲಿ ಕೈ ಮುಗಿಯುವ ಹಾಗಿಲ್ಲ, ಒಮ್ಮೆ ಹಾರ್ನ್ ಹಾಕಬೇಕು. ಎದುರಿಂದ ಬರುವವರಿಗೆ ಎಚ್ಚರಿಕೆಯೂ ಆಯಿತು, ಚೌಡಿಗೆ ನಮಸ್ಕಾರವೂ ಆಯಿತು. ಹಾರ್ನ್ ಹಾಕದಿದ್ದರೆ ಒಂದು ಪಾಯಿಂಟು. ಕೈ ಮುಗಿದರೆ ಎರಡು.

"ಚೌಡಿಗೆ ಇದು ಒಪ್ಪಿಗೆ ಇದೆಯಾ?" ಎಂದು ನಾನು ಕೇಳಿದೆ.

"ನಿಂಗೆ ಚೌಡಿ ಮೇಲೆ ನಂಬಿಕೆನೇ ಇಲ್ಲ. ನೀನೆಂಥಕ್ಕೆ ಅವಳ ಪರ ವಕಾಲತ್ತು ಮಾಡ್ತೀಯಾ?" ಅಂದರು ಅತ್ತೆ.

ಮಾವನಿಗೆ ಇದರಿಂದ ಬೇಸರವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅವರಿಗೆ ಇಡೀ ಪದ್ಧತಿ ತಲೆಕೆಳಗಾಗಿ ಅರ್ಥವಾಗಿತ್ತು. ವಾಲಿಬಾಲಿನಲ್ಲಿ ತಪ್ಪು ಮಾಡಿದವನಿಗೆ ಪಾಯಿಂಟು ಬರುವುದಿಲ್ಲ. ಎದುರು ಪಾರ್ಟಿಗೆ ಹೋಗುತ್ತದೆ. ನೆಟ್ ಮುಟ್ಟಿದರೆ ಆಚೆಯವರಿಗೆ ಒಂದು, ಗೆರೆ ತುಳಿದರೆ ಆಚೆಯವರಿಗೆ ಒಂದು. ಬದುಕಿಡೀ ಹಾಗೆಯೇ ಕೈ ತೋರಿಸಿಕೊಂಡು ಬಂದವರು ಮಾವ. ಹಾಗಾಗಿ ಫೋನ್ ಹಿಡಿದು ಸಿಕ್ಕಿಬಿದ್ದ ದಿನ ಸಂಜೆ ಕೋಣಂದೂರಿನ ಹೋಟೆಲಿನಲ್ಲಿ ಕೂತು, "ನಮ್ಮನೇಲಿ ಟೀಚರು ಲೀಡಲ್ಲಿದಾರೆ. ಮೂರು–ಸೊನ್ನೆ" ಎಂದು ಖುಷಿಯಿಂದ ಹೇಳಿ ಬಂದರು. ಹೆಂಡತಿ ಗೆಲ್ಲುತ್ತಿದ್ದಾಳಲ್ಲ ಎಂಬ ಹೆಮ್ಮೆಯೂ ಆ ದನಿಯಲ್ಲಿತ್ತು.

ಏಳಾದಾಗ ಅತ್ತೆ ವಿವರಿಸಿದರು. "ಇವ್ರೇ, ಈ ಏಳು ನನ್ನದಲ್ಲ. ನಿಮ್ಮದು."

"ತಪ್ಪು ನಂದು, ಪಾಯಿಂಟೂ ನಂದೇ? ಅದ್ಹೆಂಗಾಗ್ತದೆ?"

"ಹಂಗೇ ಆಗೋದು. ಹನ್ನೆರಡಾದ್ರೆ ನೀವು ಔಟು."

"ಹನ್ನೆರಡಕ್ಕೆ ಯಾವ ಗೇಮು ಮುಗಿತದೆ ಮಾರಾಯ್ತಿ? ಇಪ್ಪತ್ತೈದು ಆಗ್ಬೇಕು. ಆಮೇಲೂ ಎರಡು ಪಾಯಿಂಟ್ ಲೀಡ್ ಬೇಕು."

ಮಾವನ ಸ್ವಭಾವವೇ ಹಾಗೆ. ನಡೆದದ್ದನ್ನು ಅವರು ಎಂದೂ ಇಲ್ಲ ಅಂದವರಲ್ಲ. ನಿಯಮವನ್ನು ಮಾತ್ರ ಕೊನೆಯವರೆಗೂ ಒಪ್ಪುತ್ತಿರಲಿಲ್ಲ. ಈ ಜಗಳಕ್ಕೆ ಒಬ್ಬ ಸ್ಕೋರರ್ ಬೇಕೆಂದು ಇಬ್ಬರೂ ಸೇರಿ ನನ್ನನ್ನು ನೇಮಿಸಿದರು. ನಾನು ಪಕ್ಷಪಾತಿಯಲ್ಲ ಎಂಬುದು ಕಾರಣವಂತೆ. ನಿಜವೆಂದರೆ ಮನೆಯಲ್ಲಿ ಡ್ರೈವಿಂಗ್ ಬಾರದವನು ನಾನೊಬ್ಬನೇ, ಅದರಿಂದಾಗಿ ವ್ಯಾನು ಎಲ್ಲಿಗೆ ಹೋದರೂ ಪಕ್ಕದ ಸೀಟಿನಲ್ಲಿರುತ್ತಿದ್ದವನೂ ನಾನೇ. ನೆನಪನ್ನು ನಂಬದವನ ಕೈಯಲ್ಲಿ ಸಾಕ್ಷಿ ಹೇಳಿಸುವುದು ಸರಿಯಲ್ಲವೆಂದು ಎಚ್ಚರಿಸಿದೆ. "ಬರ್ಕೊಂಡ್ರೆ ಆಯ್ತಲ್ಲ" ಎಂದು ಅತ್ತೆ ಒಂದು ನೋಟ್‌ಪುಸ್ತಕ ಕೊಟ್ಟರು. ಅಂಥ ಸರಳ ಉಪಾಯ ನನಗೆ ಎರಡು ವರ್ಷದ ಓದಿನಲ್ಲಿ ಹೊಳೆದಿರಲಿಲ್ಲ.

ಪೇಪರಿನ ಸುದ್ದಿ ಬಂದದ್ದು ಇಂಥ ಹೊತ್ತಿನಲ್ಲಿ. ಸರ್ಕಾರ ತನ್ನ ಹಿಂದೆಯೇ ಬರುತ್ತಿದೆ ಎಂದು ಗೊತ್ತಾದ ಮೇಲೆ ಅತ್ತೆ ಒಂದು ಹೆಜ್ಜೆ ಮುಂದಿಡಲೇಬೇಕಾಯಿತು. "ಬರೀ ಡ್ರೈವರಿಗೆ ಹಾಕಿದ್ರೆ ರಸ್ತೆ ಸರಿಯಾಗ್ತದಾ?" ಎಂದು ಪದ್ಧತಿಯನ್ನು ವಿಸ್ತರಿಸಿದರು. ಮೊದಲು ಪಕ್ಕದಲ್ಲಿ ಕೂತವರಿಗೆ. ಡ್ರೈವರಿನ ಗಮನ ಕೆಡಿಸುವಂತೆ ಮನುಷ್ಯನ ನೆನಪಿನ ಸ್ವರೂಪದ ಬಗ್ಗೆ ಮಾತಾಡಿದ್ದಕ್ಕೆ ನನಗೆ ಎರಡು ಬಿತ್ತು. ಲೈಸೆನ್ಸೇ ಇಲ್ಲದವನಿಗೆ ಹೇಗೆ ಎಂದರೆ, "ಮುಂದೆ ಮಾಡಿಸ್ತೀಯಲ್ಲ, ಆಗ ಎರಡರಿಂದಲೇ ಶುರುವಾಗ್ತದೆ." ತಮಗೂ ಬಿಡಲಿಲ್ಲ. ಸಾಗರದ ಪೇಟೆಯಲ್ಲಿ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿ, ಉರಿಬಿಸಿಲಲ್ಲಿ ಗಾಜು ಒರೆಸಿಕೊಂಡೇ ಬಲಕ್ಕೆ ತಿರುಗಿದ್ದಕ್ಕೆ ತಮಗೇ ಒಂದು ಹಾಕಿಕೊಂಡರು.

ಮುಂದಿನ ವಿಸ್ತರಣೆ ರಸ್ತೆ ಬಳಸುವ ಸಮಸ್ತರಿಗೂ ಆಯಿತು. ಪಕ್ಕದ ಮನೆಯ ಎಮ್ಮೆಗೆ ಮೂರು ಬಿದ್ದ ಸುದ್ದಿ ಕೇಳಿ ಅದರ ಒಡತಿ ಬೇಲಿಯ ಹತ್ತಿರ ಬಂದರು.

"ಟೀಚರೇ, ನಮ್ಮೆಮ್ಮೆಗೆ ಮೂರು ಹಾಕಿದ್ರಂತೆ?"

"ನಡುರಸ್ತೇಲಿ ಪಾರ್ಕಿಂಗು. ಮೂರೇ ಬರೋದು."

"ಅದು ನಿಂತಿರ್ಲಿಲ್ಲ ಅಮ್ಮಾ. ಮಲಗಿತ್ತು."

"ಮಲಗಿತ್ತಾ? ಹಂಗಾದ್ರೆ ನಾಲ್ಕು."

ಆಕೆ, "ಹನ್ನೆರಡಾದ್ರೆ ಎಂಥ ಮಾಡ್ತೀರಿ? ಕಿತ್ಕೊಳ್ಳಕ್ಕೆ ಅದ್ರ ಹತ್ರ ಎಂಥ ಇದೆ?" ಎಂದು ಕೇಳಿದರು. ಪದ್ಧತಿಯ ಒಂದೇ ಒಂದು ನಿಜವಾದ ದೋಷವನ್ನು ಕಂಡುಹಿಡಿದದ್ದು ಆಕೆ.

ಇಷ್ಟರಲ್ಲಿ ಮಾವ ಹನ್ನೊಂದಕ್ಕೆ ಬಂದು ನಿಂತಿದ್ದರು. ಕೊನೆಯ ನಾಲ್ಕು ಒಂದೇ ಏಟಿಗೆ ಬಂದದ್ದು, ಅರಳಸುರಳಿಗೆ ನೆಂಟರ ಮನೆಗೆ ಹೋಗುವಾಗ, ಬಾಗಿಲು ತೆಗೆದು ಉಗುಳಿದ್ದಕ್ಕೆ. ಆಗಲೇ ಕಾರ್ಗಲ್‌ನಿಂದ ಫೋನ್ ಬಂತು. ಬರುವ ಭಾನುವಾರ ಕಾಲೊನಿಯವರ ಟೂರ್ನಮೆಂಟು. ಸ್ಪೀಕರಿನಲ್ಲಿ ಕೇಳಿಸಿತು: "ಸರ್, ನೆಟ್ಟು ಕಂಬ ತರ್ತೀರಲ್ಲ?"

ಶನಿವಾರ ಸಂಜೆ ಕಂಬಗಳನ್ನು ವ್ಯಾನಿಗೆ ಏರಿಸುವಾಗ ಮಾವ ಎಂದಿನ ಹಾಗೆ ಹಾಡು ಗುನುಗಲಿಲ್ಲ.

"ನನ್ನ ಎಂಥಕ್ಕೆ ಕರೀತಾರೆ ಗೊತ್ತನಾ ನಿಂಗೆ?" ಅಂದರು.

"ನೀವು ಒಳ್ಳೆ ರೆಫ್ರಿ ಅಂತ."

"ಒಳ್ಳೆ ರೆಫ್ರಿಗಳು ಸಾಗರ ಪೇಟೇಲೇ ನಾಲ್ಕು ಜನ ಇದಾರೆ. ಪರೀಕ್ಷೆ ಪಾಸು ಮಾಡಿದವ್ರು, ಮಂಡಿ ನೋವಿಲ್ದವ್ರು. ಆದ್ರೆ ನೆಟ್ಟು, ಕಂಬ, ವ್ಯಾನು ಮೂರೂ ಇರೋ ರೆಫ್ರಿ ನಾನೊಬ್ನೇ. ಕೀಲಿ ಹೋದ್ರೆ ಈ ಸೀಸನ್ನು ಹೋಯ್ತು. ಒಂದು ಸೀಸನ್ನು ಹೋದ್ರೆ ನಮ್ಮನ್ನ ಯಾರು ನೆನಪಿಟ್ಕೋತಾರೆ?" ನೆನಪಿನ ವಿಷಯದಲ್ಲಿ ನಾನೇ ಪಂಡಿತ ಎಂಬಂತೆ ನನ್ನ ಮುಖ ನೋಡಿದರು. ನಾನು ಕಂಬದ ಇನ್ನೊಂದು ತುದಿ ಎತ್ತಿಕೊಟ್ಟೆ.

ಭಾನುವಾರ ಮಾವ ಓಡಿಸಿದ ರೀತಿಯನ್ನು ನಿಯಮದ ಪುಸ್ತಕ ಬರೆದವರು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಬದಲಿಗೆ ಒಂದು ಲವಂಗ. ಫೋನು ನನ್ನ ಜೇಬಿನಲ್ಲಿ. ಹೊಸನಗರದಲ್ಲಿ ಎದುರಾದ ಹಳೆಯ ಗೆಳೆಯನೊಬ್ಬ ಜೀಪು ನಿಧಾನ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ, ಮಾವ ನೇರ ಮುಂದೆ ನೋಡುತ್ತಾ ಸಾಗಿಬಿಟ್ಟರು. ಆ ಗೆಳೆಯ ಅರ್ಧ ಗಂಟೆಯಲ್ಲೇ ಅತ್ತೆಗೆ ಫೋನ್ ಮಾಡಿ, ಮನೆಯಲ್ಲಿ ಏನಾದರೂ ಸಾವುನೋವು ಆಗಿದೆಯಾ ಎಂದು ವಿಚಾರಿಸಿದನಂತೆ. ಸಾಗರ ದಾಟಿ, ತಾಳಗುಪ್ಪ ದಾಟಿ, ಕಾರ್ಗಲ್ ಮುಟ್ಟುವಷ್ಟರಲ್ಲಿ ನಮ್ಮನ್ನು ಗದ್ದೆ ಉಳುವ ಎರಡು ಟಿಲ್ಲರುಗಳು ಓವರ್‌ಟೇಕ್ ಮಾಡಿದ್ದವು. ಒಂದೇ ಇರಬಹುದು. ಪುಸ್ತಕದಲ್ಲಿ ಬರೆದುಕೊಂಡಿಲ್ಲ.

ಮ್ಯಾಚು ಚೆನ್ನಾಗಿ ನಡೆಯಿತು. ಮಾವ ಎತ್ತರದ ಸ್ಟೂಲಿನ ಮೇಲೆ ನಿಂತು ವಿಸಲ್ ಊದಿ ಕೈ ತೋರಿಸಿದರೆ, ಅವರ ಅರ್ಧ ಪ್ರಾಯದ ದಾಂಡಿಗರೆಲ್ಲ ಸುಮ್ಮನೆ ಜಾಗ ಬದಲಿಸುತ್ತಿದ್ದರು. ಅಲ್ಲಿ ಅವರು ಬೇರೆಯೇ ಮನುಷ್ಯ. ಊಟವಾದ ಮೇಲೆ ನೆಟ್ ಸುತ್ತಿ, ಹಗಲಿರುವಾಗಲೇ ಹೊರಟೆವು.

ವಾಪಸು ಬರುವಾಗಲೂ ಒಂದು ತಪ್ಪಿಲ್ಲ. ಕೋಣಂದೂರಿನ ಹತ್ತಿರ ಬಂದಂತೆ ಮಾವನ ಬೆನ್ನು ಸೀಟಿಗೆ ಅಂಟಿತು. ಚೌಡಿ ತಿರುವು ಬಂತು. ಎದುರಿಂದ ಬಸ್ಸು ಬಂತು. ನಾವು ಎಡಕ್ಕೆ ಸರಿದೆವು. ಬಸ್ಸು ಹೋಯಿತು. ಮನೆ ಮುಟ್ಟಿದೆವು. ಈ ಐದು ವಾಕ್ಯಗಳ ನಡುವೆ ಎಲ್ಲೋ ಒಂದು ಹಾರ್ನಿನ ಸದ್ದು ಇತ್ತು. ಅದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಅತ್ತೆ ಅಂಗಳದಲ್ಲೇ ನಿಂತಿದ್ದರು. "ಏನಾದ್ರೂ ಇದೆಯಾ?"

"ಒಂದೂ ಇಲ್ಲ" ಅಂದೆ ನಾನು. ಪುಸ್ತಕ ತೆರೆದು ಖಾಲಿ ಹಾಳೆ ತೋರಿಸಿದೆ.

"ಚೌಡಿ ತಿರುವಲ್ಲಿ?"

"ಹಾರ್ನ್ ಹಾಕಿದ್ರು. ನಾನೇ ಕೇಳಿದೀನಿ."

"ಕೈ?"

"ಸ್ಟೇರಿಂಗ್ ಮೇಲೇ ಇತ್ತು."

ಇದನ್ನು ನಾನು ಸುಳ್ಳೆಂದು ತಿಳಿದು ಹೇಳಲಿಲ್ಲ. ಕಣ್ಣಿಗೆ ಕಟ್ಟಿದಂತಿತ್ತು: ಮಾವನ ಎರಡು ಕೈ, ಸ್ಟೇರಿಂಗು, ಒಮ್ಮೆ ಹಾರ್ನು. ಜೀವಮಾನದಲ್ಲಿ ಅಷ್ಟು ಖಚಿತವಾಗಿ ಇನ್ನಾವುದನ್ನೂ ನೆನಪಿಸಿಕೊಂಡವನಲ್ಲ.

ಅತ್ತೆಯ ಮುಖ ಸಡಿಲವಾಯಿತು. ಒಳಗೆ ಹೋಗಿ ಕಾಫಿ ಇಡಲು ತಿರುಗಿದರು. ಮಾವ ಮಾತ್ರ ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು.

"ಏ, ನಿಲ್ಲು" ಅಂದರು. "ಹಾರ್ನ್ ಹಾಕಿದ್ದು ಬಸ್ಸು. ನಾನಲ್ಲ."

"ನೀವು?"

"ನಾನು ಕೈ ಮುಗ್ದೆ."

"ಎರಡೂ ಕೈ?"

"ಒಂದ್ ಕೈಲಿ ಯಾರಾದ್ರೂ ಮುಗೀತಾರಾ?"

ಅತ್ತೆಗೆ ಅರ್ಥವಾಗಲಿಲ್ಲ. "ಬೆಳಿಗ್ಗಿಂದ ಒಂದು ತಪ್ಪು ಮಾಡ್ದೆ ಬಂದು, ಅಲ್ಲಿ ಎಂಥಕ್ಕೆ ಮುಗಿದ್ರಿ?"

"ಅದಕ್ಕೇ" ಅಂದರು ಮಾವ. "ಒಂದು ತಪ್ಪಿಲ್ದೆ ಇಲ್ಲೀವರೆಗೆ ತಂದ್ಯಲ್ಲ ತಾಯಿ, ಹನ್ನೆರಡನೇದು ತಪ್ಪಿಸಿದ್ಯಲ್ಲ ಅಂತ ಮನಸ್ಸಿಗೆ ಬಂತು. ಕೈ ತಂತಾನೇ ಹೋಯ್ತು."

ಯಾರೂ ನಗಲಿಲ್ಲ. ನಗಬೇಕಿತ್ತು. ಹನ್ನೆರಡನೆಯ ಪಾಯಿಂಟು ತಪ್ಪಿಸಿದ್ದಕ್ಕೆ ಕೃತಜ್ಞತೆ ಹೇಳಲು ಹೋಗಿ ಹನ್ನೆರಡು, ಹದಿಮೂರು, ಹದಿನಾಲ್ಕು ಮೂರನ್ನೂ ಒಂದೇ ತಿರುವಿನಲ್ಲಿ ತಂದುಕೊಂಡವರು ಬೇರೆ ಯಾರಿದ್ದಾರೆ?

"ನೀವು ಸುಮ್ನಿದ್ದಿದ್ರೆ ಆಗಿತ್ತು. ನಾನು ಹೇಳಿ ಆಗಿತ್ತಲ್ಲ ಮಾವ" ಅಂದೆ.

"ನೀನು ಹೇಳಿದ್ದು ತಪ್ಪು ಕಣಾ. ಇವತ್ತು ಬೆಳಿಗ್ಗೆಯಿಂದ ಅಷ್ಟು ಜನಕ್ಕೆ ವಿಸಲ್ ಊದಿ ಬಂದಿದೀನಿ. ಮನೆಗೆ ಬಂದು, ಗೆರೆಯಾಚೆ ಬಿದ್ದ ನನ್ನ ಬಾಲು ಒಳಗೆ ಬಿತ್ತು ಅಂತ ಹೇಳ್ಕೊಳ್ಳಕ್ಕಾಗ್ತದಾ?" ಎಂದು ಕೀಲಿಯನ್ನು ಅತ್ತೆಯ ಅಂಗೈಯಲ್ಲಿಟ್ಟರು.

ಅತ್ತೆ ತಕ್ಷಣ ಬೆರಳು ಮಡಚಲಿಲ್ಲ. ಅಂಗೈ ಹಾಗೆಯೇ ಚಾಚಿಕೊಂಡಿದ್ದರು. ಗಣಿತದ ಟೀಚರಿಗೆ ಹದಿನಾಲ್ಕನ್ನು ಹನ್ನೊಂದು ಮಾಡುವ ದಾರಿ ಗೊತ್ತಿರಲಿಲ್ಲ. ಕೊನೆಗೆ ಕೀಲಿ ಅಡುಗೆಮನೆಯ ಒಂದು ಖಾಲಿ ಉಪ್ಪಿನಕಾಯಿ ಭರಣಿಗೆ ಹೋಯಿತು. ಕಾಫಿ ಸ್ವಲ್ಪ ಕಹಿಯಾಗಿತ್ತು, ಅಥವಾ ನನಗೆ ಹಾಗನ್ನಿಸಿತು. ತಪ್ಪು ಸಾಕ್ಷಿಗಾಗಿ ನನಗೆ ನಾಲ್ಕು ಬಿತ್ತು. ಇನ್ನೂ ಹುಟ್ಟದ ನನ್ನ ಲೈಸೆನ್ಸಿಗೆ ಈಗ ಆರು.

ಮುಂದಿನ ಮೂರು ದಿನ ಮಾವ ಫೋನಿನ ಹತ್ತಿರ ಕೂತರು. ಹೊಸನಗರದಲ್ಲಿ ಭಾನುವಾರ ಮ್ಯಾಚಿದೆಯೆಂದು ಅವರಿಗೆ ಗೊತ್ತಿತ್ತು. ಕೀಲಿ ಹೋದ ಸುದ್ದಿ ಅಲ್ಲಿಗೂ ಹೋಗಿರುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ಕೋಣಂದೂರಿನ ಹೋಟೆಲಿನಲ್ಲಿ ಹೇಳಿ ಬಂದವರೂ ಅವರೇ, "ಹದಿನಾಲ್ಕು–ಒಂದು, ಟೀಚರು ಗೆದ್ರು" ಎಂದು.

ಗುರುವಾರ ಫೋನ್ ಬಂತು. ಆದರೆ ಅತ್ತೆಯ ಫೋನಿಗೆ. ಅತ್ತೆ ಅಡುಗೆಮನೆಯಲ್ಲಿ ದೋಸೆ ಎರೆಯುತ್ತಿದ್ದರು, ನಾನು ತಿನ್ನುತ್ತಿದ್ದೆ. ಆಚೆಯವರ ಮಾತು ನನಗೆ ಕೇಳಿಸಲಿಲ್ಲ. ಅತ್ತೆಯದಷ್ಟೇ ಕೇಳಿಸಿತು.

"ಹ್ಞಾ, ಹೇಳಿ... ಹೌದು, ವ್ಯಾನು ಈಗ ನಾನೇ ಓಡಿಸೋದು... ಹ್ಞಾ, ತರ್ತೀನಿ. ನೆಟ್ಟು, ಕಂಬ ಎರಡೂ ತರ್ತೀನಿ." ಇಲ್ಲಿ ಸಟ್ಟುಗ ಎತ್ತಿ ಹಿಡಿದುಕೊಂಡೇ ಆಚೆಯ ಮಾತು ಕೇಳಿದರು. "ಅವ್ರಾ? ಅವ್ರೂ ಬರ್ತಾರೆ."

ಫೋನ್ ಇಟ್ಟರು. ದೋಸೆ ಸೀದು ಹೊಗೆ ಬರುತ್ತಿತ್ತು.

ಜಗುಲಿಯಿಂದ ಮಾವ ಕೂಗಿದರು. ನನ್ನನ್ನೇ, ಅತ್ತೆಯನ್ನಲ್ಲ. "ಹೊಸನಗರದವ್ರಾ?"

"ಹೌದು ಮಾವ."

"ಎಂಥ ಕೇಳಿದ್ರು?"

"ಭಾನುವಾರ ಬರಕ್ಕೆ ಹೇಳಿದಾರೆ."

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಮುಗಿಯಲಿಲ್ಲ. ದನಿ ತಗ್ಗಿಸಿ ಕೇಳಿದರು: "ಮೊದ್ಲು ಎಂಥ ಕೇಳಿದ್ದು? ನೆಟ್ಟಾ, ನಾನಾ?"

ಈ ಸಲ ನನಗೆ ಎಲ್ಲ ಚೆನ್ನಾಗಿ ನೆನಪಿತ್ತು. ಒಂದು ನಿಮಿಷವೂ ಆಗಿರಲಿಲ್ಲ. ಬಾಯಲ್ಲಿದ್ದ ದೋಸೆ ನುಂಗಿ, "ಮೊದ್ಲು ನಿಮ್ಮನ್ನೇ" ಅಂದೆ.

ಅತ್ತೆ ಸಟ್ಟುಗ ಹಿಡಿದು ನನ್ನತ್ತ ತಿರುಗಿದರು. ಇನ್ನೊಂದು ನಾಲ್ಕು ಬಂದರೆ ಹತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ.

"ಹೌದ್ರೀ" ಎಂದು ಅತ್ತೆ ಜಗುಲಿಗೆ ಕೇಳುವಂತೆ ಕೂಗಿದರು. "ಸಾರ್ ಬರ್ತಾರಲ್ಲ ಅಂತಲೇ ಮಾತು ಶುರು ಮಾಡಿದ್ದು. ನೆಟ್ಟಿನ ವಿಷ್ಯ ನಾನೇ ತೆಗೆದಿದ್ದು. ಏಳು ಗಂಟೆಗೆಲ್ಲ ತಯಾರಿರಿ. ನಾನು ಮೂವತ್ತರ ಮೇಲೆ ಓಡಿಸೋದಿಲ್ಲ."

ಜಗುಲಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಮಾವ ವಿಸಲ್ ತೊಳೆಯುತ್ತಿದ್ದರು. ನೀರು ಹೋಗಿದೆಯೋ ಇಲ್ಲವೋ ನೋಡಲು ಒಮ್ಮೆ ಜೋರಾಗಿ ಊದಿದರು. ರಸ್ತೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಿತು.

ಇಷ್ಟು ದಿನದ ಮೇಲೆ ಈಗ ಇದನ್ನು ಬರೆಯುವಾಗ ನನಗೆ ಅನುಮಾನ. ಫೋನಿನಲ್ಲಿ ಅತ್ತೆ ನೆಟ್ಟಿನ ಮಾತು ಮೊದಲು ಆಡಿದ್ದನ್ನು ನಾನು ಕೇಳಿದ್ದು ನಿಜವೇ? ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ್ದಾರೆ, ಅದರಲ್ಲಿ ಒಬ್ಬರು ಗಣಿತದ ಟೀಚರು. ಅವರು ಹೇಳಿದ್ದೇ ಸರಿಯಿರಬೇಕು.